ಹದಿಮೂರು ಜೇಬಿನ ಚೀಲ

ಬೀದಿಯವರು ಅವಳಿಗೆ ಇಟ್ಟ ಹೆಸರು ಪತ್ತೇದಾರಿ ಅಕ್ಕ. ಎದುರಿಗೆ ಬರೀ ಅಕ್ಕ ಅನ್ನುತ್ತಿದ್ದರು, ಪತ್ತೇದಾರಿಯನ್ನು ಅವಳು ಮೂಲೆ ತಿರುಗುವವರೆಗೆ ಬಾಯೊಳಗೇ ಇಟ್ಟುಕೊಳ್ಳುತ್ತಿದ್ದರು. ಅದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲೆ ತಲೆಗೂದಲೊಂದನ್ನು ಅಡ್ಡ ಇಟ್ಟು ಮನೆಯಿಂದ ಹೊರಡುವವಳು ಅವಳು. ಹಾಲಿನವನು ಹಾಲು ಅಳೆಯುವಾಗ ಅಳತೆಯನ್ನು ಬಿಟ್ಟು ಅವನ ಹೆಬ್ಬೆರಳನ್ನು ನೋಡುವವಳು. ಇವತ್ತು ಮಳೆಯಿಲ್ಲ ಎಂದು ರೇಡಿಯೋದವರು ಹೇಳಿದರೆ ಅಂದೇ ಕೊಡೆ ಹುಡುಕುವವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬೇರೆಯವರು ಬಾಯಲ್ಲಿ ಹೇಳುತ್ತಾರೆ, ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡೇ ಓಡಾಡಿದಳು.

ಹುಟ್ಟುತ್ತಲೇ ಹಾಗಿದ್ದಳು ಎಂದರೆ ಸುಳ್ಳಾಗುತ್ತದೆ. ಹದಿನಾಲ್ಕನೇ ವಯಸ್ಸಿಗೆ ಅವಳನ್ನು ಒಬ್ಬ ದರ್ಜಿಯ ಬಳಿ ಕೆಲಸ ಕಲಿಯಲು ಬಿಟ್ಟಿದ್ದರು. ಸೇರಿದ ಆರನೇ ತಿಂಗಳು ಅವನ ದೊಡ್ಡ ಕತ್ತರಿ ಕಾಣೆಯಾಯಿತು. ದರ್ಜಿ ಬೇರೆ ಯಾರನ್ನೂ ಕೇಳಲಿಲ್ಲ. ಗಿರಾಕಿಗಳು ಕೂತಿದ್ದ ಹಾಗೆಯೇ ಅವಳ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿಸಿದ, ಲಂಗದ ಅಂಚನ್ನೂ ಕೊಡವಿಸಿದ. ಮೂರನೇ ದಿನ ಒಬ್ಬ ಗಿರಾಕಿ ಹೊಸ ಕೋಟು ತೊಟ್ಟು ನೋಡುವಾಗ ಬಲಗಡೆ ಯಾಕೋ ಭಾರ ಅಂದ. ಒಳಪದರ ಬಿಚ್ಚಿದರೆ ಕತ್ತರಿ ಅಲ್ಲಿತ್ತು. ದರ್ಜಿಯೇ ಅದನ್ನು ಬಟ್ಟೆಯ ನಡುವೆ ಮರೆತು ಸುತ್ತ ಹೊಲಿದುಬಿಟ್ಟಿದ್ದ. ದರ್ಜಿ ನಕ್ಕ, ಗಿರಾಕಿ ನಕ್ಕ, ಅಂಗಡಿಗೆ ಅಂಗಡಿಯೇ ನಕ್ಕಿತು. ಕಾಜ ಹೊಲಿಯುತ್ತ ಕೂತಿದ್ದ ಹುಡುಗಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಆ ಮಹಾನುಭಾವನಿಂದ ಅವಳು ಕಲಿತದ್ದು ಎರಡು. ಒಂದು, ಪ್ರತಿ ವಸ್ತುವೂ ಎಲ್ಲಿದೆ ಎಂದು ಸದಾ ಗೊತ್ತಿರಬೇಕು, ಇಲ್ಲದಿದ್ದರೆ ಕಳ್ಳತನ ತಲೆಗೆ ಬರುತ್ತದೆ. ಎರಡನೆಯದು ಹೊಲಿಗೆಯನ್ನು ಹೆಬ್ಬೆರಳಿನ ಉಗುರಿನಿಂದ ಓದುವುದು. ಸಾಲಿನ ಮೇಲೆ ಉಗುರನ್ನು ಮೆಲ್ಲಗೆ ಎಳೆದರೆ ಬಲಗೈಯವರ ಹೊಲಿಗೆ ಒಂದು ದಿಕ್ಕಿಗೆ ನಯವಾಗಿ ಜಾರುತ್ತದೆ, ಇನ್ನೊಂದು ದಿಕ್ಕಿಗೆ ತಡೆಯುತ್ತದೆ. ಎಡಗೈಯವರದ್ದು ಅದಕ್ಕೆ ತದ್ವಿರುದ್ಧ. ಯಾರ ಹೊಲಿಗೆಯನ್ನು ಕೊಟ್ಟರೂ ಅವಳು ಉಗುರೆಳೆದು ನೋಡದೆ ಬಿಡುತ್ತಿರಲಿಲ್ಲ. ಈ ಲೋಕದಲ್ಲಿ ಅವಳು ಅನುಮಾನಿಸದ ವಸ್ತು ಒಂದೇ ಒಂದು ಇತ್ತು, ಅದು ಅವಳದೇ ಹೊಲಿಗೆ. ಅದರ ಮೇಲೆ ಉಗುರಿಡುವ ಅಗತ್ಯ ಅವಳಿಗೆ ಕಂಡಿರಲಿಲ್ಲ.

ಮದುವೆಯಾಗಿ ಬಂದ ಮನೆಯ ಕೆಳಗೇ ಹೊಲಿಗೆ ಅಂಗಡಿ. ಮಾವ ಕಟ್ಟಿದ್ದು, ಅವರ ನಂತರ ಗಂಡ ಮತ್ತು ನಾದಿನಿ ನಡೆಸುತ್ತಿದ್ದರು. ನಾದಿನಿ ಮದುವೆಯಾಗಲಿಲ್ಲ, ಯಂತ್ರವನ್ನೇ ಕಟ್ಟಿಕೊಂಡೆ ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಪಕ್ಕಾ ಎಡಚಿ. ಎಡಗೈಯಲ್ಲಿ ಕತ್ತರಿ, ಎಡಗೈಯಲ್ಲಿ ಚಮಚ, ಕೋಪ ಬಂದರೆ ಎಡಗೈಯಲ್ಲೇ ಬಾಗಿಲು ಹಾಕುವುದು. ಗಂಡ ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು. ಅಂಗಡಿ ನಾದಿನಿಯ ಹೆಸರಿಗೆ ಬಂತು. ಯಂತ್ರ ನಾದಿನಿಯದು, ಕೈಹೊಲಿಗೆ ಅತ್ತಿಗೆಯದು: ಪ್ಯಾಂಟಿನ ಕಾಲಂಚು ಮಡಿಸುವುದು, ಕಾಜ, ಗುಂಡಿ, ಕೊಕ್ಕೆ. ಕೈಹೊಲಿಗೆ ಹೋದರೆ ಈ ಅಂಗಡಿಯಲ್ಲಿ ತಾನು ಯಾರು ಎಂಬ ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಿನಂತೆ ಇತ್ತು. ನಾದಿನಿ ಎಂದೂ ಅಂಥ ಮಾತಾಡಿರಲಿಲ್ಲ. ಮಾತಾಡದಿರುವುದೇ ಪತ್ತೇದಾರಿ ಅಕ್ಕನಿಗೆ ಅನುಮಾನದ ಮೊದಲ ಕಾರಣ.

ಎರಡನೆಯ ಕಾರಣ ಬಿಳಿ ದಾರ. ತಿಂಗಳಿಗೆ ಎರಡು ರೀಲು ಸಾಕಾಗುತ್ತಿದ್ದ ಕಡೆ ಮೂರು ಮುಗಿಯತೊಡಗಿತು. ಆಮೇಲೆ ಸೂಜಿಗಳು. ಬಿಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಹೊಲಿಗೆ ಬಿಚ್ಚುವ ಪುಟ್ಟ ಕವಲುಚೂರಿ ಡಬ್ಬದಲ್ಲಿ ತಲೆಕೆಳಗಾಗಿ ಮಲಗಿರುತ್ತಿತ್ತು. ಯಾರೋ ಕೈಹಾಕುತ್ತಿದ್ದಾರೆ. ಮನೆಯಲ್ಲಿ ಇರುವುದೇ ಇಬ್ಬರು, ಅದರಲ್ಲಿ ಒಬ್ಬಳು ತಾನು. ಇದಕ್ಕೆ ಪತ್ತೇದಾರಿಕೆ ಬೇಕೇ?

ಮೂರನೆಯ ಕಾರಣ ತಾನಾಗಿ ಕಿವಿಗೆ ಬಿತ್ತು. ಪಕ್ಕದ ಇಸ್ತ್ರಿ ಅಂಗಡಿಯವನು ಹೊಲಿದ ಬಟ್ಟೆಗಳನ್ನು ಒಯ್ಯಲು ಬಂದಿದ್ದ. ಅವಳು ಮಹಡಿ ಮೆಟ್ಟಿಲಿನ ಮೇಲಿದ್ದಳು. ಅವನು ದನಿ ತಗ್ಗಿಸಿ ನಾದಿನಿಯನ್ನು ಕೇಳಿದ, "ಇನ್ನೂ ಹೇಳಿಲ್ವಾ ಅವರಿಗೆ?"

"ಹೇಗೆ ಹೇಳ್ಲಿ?" ಅಂದಳು ನಾದಿನಿ. "ನಂಗೆ ಬಾಯೇ ಬರಲ್ಲ."

"ಎಷ್ಟು ದಿನ ಅಂತ ಹೀಗೆ ನಡೆಸ್ತೀರ? ಒಂದಲ್ಲ ಒಂದು ದಿನ ಗೊತ್ತಾಗೇ ಆಗುತ್ತಲ್ಲ."

ಮೆಟ್ಟಿಲ ಮೇಲೆ ನಿಂತವಳು ಲೆಕ್ಕ ಹಾಕಿದಳು. ಕೆಲಸಕ್ಕೆ ಬೇರೆ ಯಾರನ್ನೋ ಗೊತ್ತು ಮಾಡಿದ್ದಾಳೆ. ಹೊರಗೆ ಹಾಕುವ ದಿನವೊಂದೇ ಬಾಕಿ. ಆಮೇಲೆ ಕೆಳಗಿಳಿದು ಬಂದು ಏನೂ ಆಗದವಳ ಹಾಗೆ ಗುಂಡಿಯ ಡಬ್ಬ ಎಳೆದುಕೊಂಡಳು. ಸಾಕ್ಷಿಯಿಲ್ಲದೆ ಬಾಯಿ ಬಿಡುವುದು ಆ ಕೋಟಿನ ದರ್ಜಿಯ ಬುದ್ಧಿ, ತನ್ನದಲ್ಲ.

ಚೀಲ ಹೊಲಿಯುವ ಯೋಚನೆ ಹುಟ್ಟಿದ್ದು ಹೀಗೆ. ಹೊರಗಿನಿಂದ ನೋಡಿದರೆ ಅದು ಚೂರುಬಟ್ಟೆ ಜೋಡಿಸಿದ ಅಂದವಾದ ಹೊಲಿಗೆ ಸಾಮಾನಿನ ಚೀಲ, ಸುರುಳಿ ಸುತ್ತಿ ಲಾಡಿ ಕಟ್ಟುವಂಥದ್ದು. ಅವಳ ಲೆಕ್ಕದಲ್ಲಿ ಅದು ಬೋನು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ವಾರ ಗೆರೆ ಎಳೆದಳು, ಅಳಿಸಿದಳು. ಒಟ್ಟು ಹದಿಮೂರು ಜೇಬು, ಒಂದೊಂದೂ ಒಂದೇ ವಸ್ತುವಿನ ಅಳತೆಗೆ. ಕತ್ತರಿಯ ಜೇಬಿಗೆ ಕತ್ತರಿಯದೇ ಆಕಾರ, ಟೇಪಿಗೆ ದುಂಡಗಿನದು, ಬೆರಳಿಗೆ ಹಾಕುವ ತಗಡಿನ ಟೋಪಿಗೆ ಗಿಣಿಯ ಮೂತಿಯಷ್ಟು ಪುಟ್ಟದು. ಒಂದರ ಜಾಗದಲ್ಲಿ ಇನ್ನೊಂದು ಕೂರುವ ಹಾಗಿಲ್ಲ. ನಡುವೆ ಪುಸ್ತಕದ ಹಾಳೆಯ ಹಾಗೆ ಮಗುಚುವ ಉಣ್ಣೆಯ ತುಂಡು, ಅದರ ಮೇಲೆ ಹನ್ನೆರಡು ಸೂಜಿಗೆ ಹನ್ನೆರಡು ಗೆರೆ. ಏನು ಕದಲಿದರೂ ಬಿಚ್ಚಿದ ಕೂಡಲೇ ಕಾಣಬೇಕು. ಕೊನೆಗೆ ಲಾಡಿ: ಮೂರು ಸುತ್ತು, ಬಲದಿಂದ ಎಡಕ್ಕೆ, ತುದಿ ಕೆಳಗೆ ಸಿಕ್ಕಿಸಿದ್ದು.

ಚೂರುಬಟ್ಟೆಯ ಮೂಟೆಯಿಂದ ತುಂಡುಗಳನ್ನು ಆರಿಸಲು ಕೂತಾಗ ಅವಳ ಬೋನು ಸ್ವಲ್ಪ ದಾರಿ ತಪ್ಪಿತು. ಗಂಡನ ನೀಲಿಗೆರೆಯ ಅಂಗಿಯ ಕೊರಳಪಟ್ಟಿ ಸಿಕ್ಕಿತು. ಮಾವ ಅಂಗಡಿಯ ಬಾಗಿಲಿಗೆ ಹಾಕಿದ್ದ ಹಸಿರು ಪರದೆಯ ತುಂಡು ಸಿಕ್ಕಿತು. ನಾದಿನಿ ಹುಡುಗಿಯಾಗಿದ್ದಾಗ ಎಡಗೈಯಲ್ಲಿ ಮೊದಲು ಹೊಲಿದ, ಎರಡೂ ತೋಳು ಒಂದೇ ಕಡೆಗೆ ಕೂತ ರವಿಕೆಯ ತುಂಡು ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಳು. ಕಳ್ಳಿಯ ಬಟ್ಟೆ ಕಳ್ಳಿಯ ಬೋನಿಗೆ ಇರಲಿ ಎಂದು ಅದನ್ನೂ ಸೇರಿಸಿದಳು. ನನ್ನನ್ನು ಕೇಳಿದರೆ, ಅವಳು ತನಗೇ ಹೇಳಿಕೊಂಡ ಸುಳ್ಳುಗಳಲ್ಲಿ ಅದೊಂದು.

ಒಂದೊಂದು ತುಂಡನ್ನೂ ಕಾಗದದ ಅಚ್ಚಿನ ಮೇಲಿಟ್ಟು ಅಂಚು ಮಡಿಸಿ ತಾತ್ಕಾಲಿಕ ಹೊಲಿಗೆ ಹಾಕಬೇಕು, ಎರಡೆರಡು ತುಂಡನ್ನು ಮುಖಕ್ಕೆ ಮುಖ ಸೇರಿಸಿ ಅಂಚಿನ ಎಳೆ ಎಳೆಯನ್ನೂ ಹಿಡಿದು ಹೊಲಿಯಬೇಕು, ಆಮೇಲೆ ಕಾಗದವನ್ನು ಎಳೆದು ತೆಗೆಯಬೇಕು. ನಲವತ್ತೆರಡು ತುಂಡು. ಹಿಂದೆ ಅವಳಿಗೆ ನಾಲ್ಕು ದಿನದ ಕೆಲಸ. ಈಗ ಮೂರು ವಾರ ಹಿಡಿಯಿತು. ಬಲ್ಬು ಮಂಕಾಗಿದೆ ಎಂದು ಮೂರು ಸಲ ಬದಲಿಸಿದಳು, ಬಲ್ಬಿನ ಅಂಗಡಿಯವನು ಹಳೆಯದನ್ನೇ ಒರೆಸಿ ಮಾರುತ್ತಾನೆ ಅಂದಳು. ಸೂಜಿ ಮಾಡುವವರು ಕಬ್ಬಿಣ ಉಳಿಸಲು ಸೂಜಿಯ ಕಣ್ಣನ್ನು ಸಣ್ಣ ಮಾಡಿದ್ದಾರೆ ಅಂದಳು. ಕಣ್ಣು ಸಣ್ಣಗಾದರೆ ಕಬ್ಬಿಣ ಹೆಚ್ಚಾಗುತ್ತದೆ ಹೊರತು ಉಳಿಯುವುದಿಲ್ಲ ಎಂದು ಅವಳಿಗೆ ಹೇಳುವವರು ಯಾರು? ಕುಣಿಯಲಾರದವಳಿಗೆ ನೆಲ ಡೊಂಕು. ಕುರ್ಚಿಯನ್ನು ದಿನದಿನಕ್ಕೆ ಕಿಟಕಿಯ ಹತ್ತಿರಕ್ಕೆ ಎಳೆಯುತ್ತ ಕೊನೆಗೆ ಮೂಗು ಕಿಟಕಿಯ ಸರಳಿಗೆ ತಾಗುವಷ್ಟಾದಳು.

"ಏನತ್ತಿಗೆ, ಕಿಟಕೀಲಿ ಯಾರನ್ನ ಹಿಡೀಬೇಕು ಅಂತ?" ಎಂದು ನಾದಿನಿ ಯಂತ್ರ ನಿಲ್ಲಿಸಿ ನಕ್ಕಳು.

"ಹಿಡಿಯೋರನ್ನ ಹಿಡೀತೀನಿ. ಸಾಮಾನು ಕಾಲು ಬಂದ ಹಾಗೆ ಓಡಾಡ್ತಿದೆ, ಅದಕ್ಕೊಂದು ಮನೆ ಕಟ್ತಿದೀನಿ."

"ನಂಗೂ ಒಂದು ಜೇಬು ಇದ್ಯಾ ಅದ್ರಲ್ಲಿ?"

"ನಿನ್ನ ಕತ್ತರಿ ಎಡಗೈದು. ನನ್ನ ಚೀಲಕ್ಕೆ ಹೊಂದಲ್ಲ."

ನಾದಿನಿ ನಗುವುದನ್ನು ನಿಲ್ಲಿಸಿ ಮತ್ತೆ ಯಂತ್ರ ತುಳಿಯತೊಡಗಿದಳು. ಮುಖ ಸಪ್ಪಗಾಯಿತೋ ಇಲ್ಲವೋ ಅತ್ತಿಗೆಗೆ ಕಾಣಲಿಲ್ಲ. ಬಾಗಿಲ ಬೆಳಕಿಗೆ ಎಲ್ಲರ ಮುಖವೂ ಅವಳಿಗೆ ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು, ಅದಕ್ಕೂ ಬಾಗಿಲ ಗಾಜನ್ನೇ ಬೈಯುತ್ತಿದ್ದಳು.

ಚೀಲ ಮುಗಿದ ಮೂರನೇ ದಿನವೇ ಬೋನು ಬಿತ್ತು. ಮಧ್ಯಾಹ್ನ ಊಟ ಮಾಡಿ ಒಂದು ಗಳಿಗೆ ಅಡ್ಡಾಗಿ ಕೆಳಗಿಳಿದು ಬಂದು ಚೀಲ ಎತ್ತಿಕೊಂಡಳು. ಸುತ್ತು ಮೂರೇ, ಆದರೆ ಬೆರಳಿಟ್ಟು ಜಾಡು ಹಿಡಿದರೆ ಎಡದಿಂದ ಬಲಕ್ಕೆ. ಎಡಗೈಯವಳು ಸುತ್ತಿದ್ದು. ಬಿಚ್ಚಿದಳು. ಏಳನೇ ಗೆರೆಯ ಸೂಜಿ ಎಂಟನೆಯದರಲ್ಲಿ. ಕವಲುಚೂರಿಯ ಹಿಡಿ ಎಡಕ್ಕೆ ತಿರುಗಿತ್ತು. ಅವಳಿಗೆ ಮೊದಲು ಆದದ್ದು ಸಂತೋಷ. ಇಷ್ಟು ವರ್ಷ ಬರೀ ಅನುಮಾನದ ಪಿಶಾಚಿ ಅನ್ನಿಸಿಕೊಂಡವಳ ಮಾತು ನಿಜವಾಗಿತ್ತಲ್ಲ. ಆ ಸಂತೋಷ ಇಳಿಯುವ ಮೊದಲೇ ಹೊರಗೆ ಹಾಕುವ ಮಾತು ನೆನಪಾಯಿತು. ಹಾಗಾದರೆ ಉಳಿದದ್ದೂ ನಿಜ.

ಇಸ್ತ್ರಿಗೆ ಹೋಗಲು ಮಡಿಸಿಟ್ಟಿದ್ದ ಬೂದು ಪ್ಯಾಂಟನ್ನು ಎಳೆದು ಕಾಲಂಚಿನ ಮೇಲೆ ಉಗುರು ಹಾಯಿಸಿದಳು. ಬೆಳಿಗ್ಗೆ ತಾನೇ ಹೊಲಿದದ್ದು. ಎರಡು ಗೇಣು ನಯವಾಗಿ ಜಾರಿತು, ಆಮೇಲೆ ಉಗುರು ಟಕ್ಕೆಂದು ತಡೆಯಿತು. ಅಲ್ಲಿಂದ ಒಂದು ಗೇಣು ಹೊಲಿಗೆ ಎದುರು ದಿಕ್ಕಿನದು. ತನ್ನ ಹೊಲಿಗೆಯನ್ನು ಬಿಚ್ಚಿ ಅದರ ಜಾಗದಲ್ಲಿ ನಾದಿನಿ ಅವಳದನ್ನು ಹಾಕಿದ್ದಾಳೆ! ಅಂಚಿನಿಂದ ಅಂಚಿಗೆ ತನ್ನನ್ನು ಈ ಅಂಗಡಿಯಿಂದ ಕಿತ್ತು ತೆಗೆಯುತ್ತಿದ್ದಾಳೆ. ಗಿರಾಕಿಗಳಿಗೆ ತೋರಿಸಿ, ನೋಡಿ ಎಲ್ಲ ನಂದೇ, ಅತ್ತಿಗೆ ಸುಮ್ಮನೆ ಕೂತಿರ್ತಾರೆ ಅನ್ನಬೇಕಲ್ಲ.

ಮರುದಿನ ಅವಳು ಒಂದು ಕಪ್ಪು ಪ್ಯಾಂಟಿನ ಕಾಲಂಚನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದಳು. ಚೀಲ ಸುತ್ತಿ ಕಟ್ಟಿ ಅದರ ಮೇಲಿಟ್ಟಳು. "ಮಲಗ್ತೀನಿ ಕಣೇ, ತಲೆನೋವು" ಎಂದು ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳ ಮಾಡಿ ಹತ್ತಿದಳು, ಚಪ್ಪಲಿ ಕೈಗೆ ತೆಗೆದುಕೊಂಡು ಸಪ್ಪಳವಿಲ್ಲದೆ ಇಳಿದಳು, ನಾದಿನಿ ಅಂಗಡಿಯ ಹಿಂಬದಿಯಲ್ಲಿ ಕೈ ತೊಳೆಯುತ್ತಿದ್ದ ಹೊತ್ತಿಗೆ ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಮೂಲೆಯ ಪರದೆಯ ಹಿಂದೆ ಸೇರಿಕೊಂಡಳು. ಅರವತ್ತೆರಡು ವರ್ಷದ ಹೆಂಗಸು, ಎದೆಗೆ ಚಪ್ಪಲಿ ಅವುಚಿಕೊಂಡು ಕನ್ನಡಿಗೆ ಬೆನ್ನು ಹಾಕಿ ನಿಂತಿದ್ದಳು.

ನಾದಿನಿ ಬಂದಳು. ಬೀದಿಯ ಕಡೆ ಒಮ್ಮೆ, ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಚೀಲ ಬಿಚ್ಚಿದಳು, ಕವಲುಚೂರಿ ತೆಗೆದಳು. ಕಪ್ಪು ಪ್ಯಾಂಟನ್ನು ಬಾಗಿಲ ಬೆಳಕಿಗೆ ಹಿಡಿದು ಕಾಲಂಚನ್ನು ಬೆರಳಲ್ಲಿ ತಿರುಗಿಸುತ್ತ ಹೋಗಿ ಒಂದು ಕಡೆ ನಿಂತಳು. "ಅಯ್ಯೋ ಅತ್ತಿಗೆ" ಅಂದಳು. ಕೋಪದ ದನಿಯಲ್ಲ ಅದು. ಅಷ್ಟರಲ್ಲಿ ಇಸ್ತ್ರಿಯವನು ಒಳಗೆ ಬಂದ.

"ಇವತ್ತೂ ಬಿಚ್ಚೋದಿದ್ಯಾ?" ಎಂದ.

"ಇವತ್ತು ಪರವಾಗಿಲ್ಲ. ನಾಲ್ಕೇ ಇಂಚು."

"ಮೊನ್ನೆ ಕೋಟು ಹೊಲಿಸ್ಕೊಂಡ ಗಿರಾಕಿ ಒಬ್ರು ಕೇಳಿದ್ರು, ಇದು ಯಾರು ಹೊಲ್ದಿದ್ದು ಅಂತ. ಅಕ್ಕನೇ ಅಂದೆ. ಬಹಳ ಚೆನ್ನಾಗಿದೆ ಅಂದ್ರು."

"ಹಾಗೇ ಹೇಳ್ತಿರಿ" ಅಂದಳು ನಾದಿನಿ.

ಪರದೆ ಸರಿಯಿತು. ಇಸ್ತ್ರಿಯವನು ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟು ಗುಂಡಿಯ ಡಬ್ಬ ಉರುಳಿಸಿದ. ಅತ್ತಿಗೆ ಚಪ್ಪಲಿ ಹಿಡಿದ ಕೈ ಚಾಚಿ ನಿಂತಿದ್ದಳು, ಹೊಡೆಯಲು ಬಂದವಳ ಹಾಗೆ. ಕೈಯಲ್ಲಿ ಚಪ್ಪಲಿ ಇರುವುದು ಅವಳಿಗೆ ನೆನಪೇ ಇರಲಿಲ್ಲ.

"ಯಾಕೆ ಬಿಚ್ತೀಯಾ ನನ್ನ ಹೊಲಿಗೇನ?"

ನಾದಿನಿ ತೊದಲಲಿಲ್ಲ, ಅಳಲಿಲ್ಲ. ಪ್ಯಾಂಟನ್ನು ಅತ್ತಿಗೆಯ ಕೈಗಿಟ್ಟಳು. "ನೀವೇ ಮುಟ್ಟಿ ನೋಡಿ. ಉಗುರಿಂದ."

ಬೇರೆಯವರ ಕೈ ಹುಡುಕಲು ಅಲ್ಲದೆ ತನ್ನ ಹೊಲಿಗೆಯನ್ನೇ ಪರೀಕ್ಷಿಸಲು ಅವಳು ಉಗುರೆಳೆದದ್ದು ಎಷ್ಟು ವರ್ಷಕ್ಕೋ ಅದೇ ಮೊದಲು. ಮೊದಲ ಗೇಣು ಸರಿಯಿತ್ತು. ಆಮೇಲೆ ಸಾಲು ಕುಡಿದವನ ಹಾಗೆ ಮೇಲೆ ಕೆಳಗೆ ಹೋಯಿತು. ನಾಲ್ಕು ಇಂಚಿನ ಉದ್ದಕ್ಕೆ ಸೂಜಿ ಮಡಿಕೆಯನ್ನು ಹಿಡಿದೇ ಇರಲಿಲ್ಲ, ಗಾಳಿಯನ್ನು ಹೊಲಿದಿತ್ತು. ಅದರ ನಡುನಡುವೆ ಹೊರಮೈಗೆ ತೂರಿ ಬಂದ ಉದ್ದುದ್ದ ಕುಣಿಕೆಗಳು. ಕಲಿಯಲು ಬಂದ ಮೊದಲ ವಾರದ ಹುಡುಗಿಯೂ ಹೀಗೆ ಹೊಲಿದರೆ ತಲೆಗೆ ಮೊಟಕುತ್ತಾರೆ.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು. ನಿಮ್ಮ ಕಣ್ಣಿಗೆ ಪೊರೆ ಬಂದಿದೆ ಅತ್ತಿಗೆ. ಬೀದಿಗೆಲ್ಲ ಕಾಣುತ್ತೆ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಕೆಲಸ ಕಿತ್ತುಕೊಳ್ಳಲು ಕಟ್ಟಿದ ಕಥೆ ಅನ್ನುತ್ತಿದ್ದಳು, ಕಣ್ಣಿನ ಡಾಕ್ಟರನ್ನೂ ನಾದಿನಿಯ ಕಡೆಯವನೇ ಅನ್ನುತ್ತಿದ್ದಳು. ಒಂದೊಂದು ಮಾತೂ ತನ್ನ ಬಾಯಿಂದ ಯಾವ ದನಿಯಲ್ಲಿ ಬರುತ್ತಿತ್ತು ಎಂಬುದು ಅವಳಿಗೇ ಕೇಳಿಸಿತು.

"ನಾನೇನು ದೊಡ್ಡ ಉಪಕಾರ ಮಾಡ್ದೆ ಅಂದ್ಕೋಬೇಡಿ" ಎಂದಳು ನಾದಿನಿ, ನೆಲದ ಮೇಲಿನ ಗುಂಡಿಗಳನ್ನು ಬಳಿಯುತ್ತ. "ಒಂದೊಂದ್ಸಲ ನಿಮ್ಮ ಮೇಲಿನ ಸಿಟ್ಟಿಗೆ ಬಿಚ್ಚೋದೇ ಒಂದು ಖುಷಿ ನಂಗೆ. ಆದ್ರೆ ನೀವು ಸೂಜಿ ಬಿಟ್ರೆ ಊಟಾನೇ ಬಿಡ್ತೀರ. ನಂಗೆ ಗೊತ್ತಿಲ್ವಾ?"

ಅತ್ತಿಗೆ ಸ್ಟೂಲಿನ ಮೇಲೆ ಕೂತಳು. ಏನೂ ತೋಚದೆ ಚೀಲವನ್ನು ತೊಡೆಯ ಮೇಲೆ ಬಿಡಿಸಿಕೊಂಡಳು. ಆಗ ಇನ್ನೊಂದು ಅನುಮಾನ ಬಂತು. ಅವಳಿಗೆ ಅದು ಬರದಿರಲು ಸಾಧ್ಯವೇ? ಉಗುರನ್ನು ಚೂರುಬಟ್ಟೆಗಳ ಸಂದುಗಳ ಮೇಲೆ ಎಳೆಯುತ್ತ ಹೋದಳು. ಗಂಡನ ಕೊರಳಪಟ್ಟಿಯ ಒಂದು ಬದಿ ನಯ, ಇನ್ನೊಂದು ಬದಿ ತಡೆ. ಹಸಿರು ಪರದೆಯ ನಾಲ್ಕು ಬದಿಯಲ್ಲಿ ಮೂರು ತಡೆ. ನಾದಿನಿಯ ರವಿಕೆಯ ತುಂಡಿಗೆ ಸುತ್ತಲೂ ತಡೆಯೇ. ಕಳ್ಳಿಯನ್ನು ಹಿಡಿಯಲು ಕಟ್ಟಿದ ಬೋನಿನ ಅರ್ಧವನ್ನು ಕಳ್ಳಿಯೇ ಕೂತು ರಿಪೇರಿ ಮಾಡಿದ್ದಳು.

"ಇದನ್ನೂನಾ?"

"ನೀವು ಮಲಗಿದ್ಮೇಲೆ ದಿನಾ ನೋಡ್ತಿದ್ದೆ. ಕಾಗದದ ಅಚ್ಚನ್ನೂ ಸೇರಿಸಿ ಹೊಲ್ದಿದ್ರಿ ಎರಡು ಕಡೆ. ಬೆರಳಿನ ಟೋಪಿ ಜೇಬಿಗಂತೂ ಬಾಯೇ ಇರ್ಲಿಲ್ಲ. ಟೋಪೀನ ಒಳಗಿಟ್ಟು ಸುತ್ತ ಹೊಲಿದುಬಿಟ್ಟಿದ್ರಿ."

ಟೋಪಿಯನ್ನು ಒಳಗಿಟ್ಟು ಸುತ್ತ ಹೊಲಿಯುವುದು! ಅವಳ ಕಣ್ಣ ಮುಂದೆ ಕೋಟಿನ ಒಳಪದರದಿಂದ ಹೊರಬಂದ ಕತ್ತರಿ ನಿಂತಿತು, ಮೇಜಿನ ಮೇಲೆ ಬೋರಲು ಬಿದ್ದ ಹದಿನಾಲ್ಕರ ಹುಡುಗಿಯ ಚೀಲ ನಿಂತಿತು. ಆ ದರ್ಜಿ ಅವಳನ್ನು ಮೂರು ದಿನ ಕಳ್ಳಿ ಅಂದಿದ್ದ. ಅವಳು ಈ ಮನೆಗೆ ಬಂದ ದಿನದಿಂದ, ಬಿಸ್ಕತ್ತಿನ ಡಬ್ಬದ ಮೊದಲ ಕೂದಲಿನಿಂದ, ಒಂದು ದಿನವೂ ಬಿಡದೆ ಈ ಎಡಚಿಯನ್ನು ಕಳ್ಳಿಯಂತೆ ಕಂಡಿದ್ದಳು. ನಾಚಿಕೆ ಎಂಬುದು ಮೈಮೇಲೆ ಬಿಸಿನೀರು ಚೆಲ್ಲಿದ ಹಾಗೆ ಅವಳ ನೆತ್ತಿಯಿಂದ ಇಳಿಯಿತು.

ಇಸ್ತ್ರಿಯವನು ಜಾಗ ಖಾಲಿ ಮಾಡಲು ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ.

"ನಿಲ್ಲಪ್ಪ ನೀನು, ಎಲ್ಲಿಗೆ ಹೊರಟೆ?" ಎಂದು ಅವಳು ಗದರಿಸಿದಳು. "ಜನ ಇರುವಾಗ್ಲೇ ಹೇಳ್ಬೇಕು ಇದನ್ನ." ಆಮೇಲೆ ನಾದಿನಿಯ ಕಡೆ, ಹಾಲಿನಲ್ಲಿ ಅದ್ದಿದ ಹಾಗೆ ಕಾಣುತ್ತಿದ್ದ ಆ ಮುಖದ ಕಡೆ ತಿರುಗಿ, "ತಪ್ಪಾಯ್ತು ಕಣೇ" ಅಂದಳು. "ನಂದು ತಪ್ಪಾಯ್ತು."

ನಾದಿನಿ ಎಡಗೈಯ ಹಿಂಭಾಗದಲ್ಲಿ ಮೂಗು ಒರೆಸಿಕೊಂಡಳು.

"ಕಣ್ಣಿನ ಡಾಕ್ಟರ್ ಹತ್ರ ಹೋಗೋಣ್ವಾ ಅತ್ತಿಗೆ?"

"ಹೋಗೋಣ. ಇಬ್ಬರ ಹತ್ರ ತೋರ್ಸೋಣ. ಒಬ್ಬನನ್ನೇ ನಂಬೋದು ಹೇಗೆ?"

ಆ ವಾರ ಪೂರ್ತಿ ಅವಳು ಗಿರಾಕಿಗಳ ಬಟ್ಟೆ ಮುಟ್ಟಲಿಲ್ಲ. ಕಿಟಕಿಯ ಬಳಿ ಕೂತು ಚೀಲದ ಎಡ ತುದಿಗೆ ಹದಿನಾಲ್ಕನೆಯ ಜೇಬು ಹೊಲಿದಳು. ಅಳತೆಗೆ ಎಡಗೈ ಕತ್ತರಿಯನ್ನು ನಾದಿನಿಯಿಂದ ಕೇಳಿ ಪಡೆದಳು, ಅದರ ಸುತ್ತ ಸೀಮೆಸುಣ್ಣದಿಂದ ಗೀಟು ಹಾಕಿದಳು. ಮುಗಿದ ಮೇಲೆ ಯಂತ್ರದ ಪಕ್ಕ ಹೋಗಿ ಚೀಲವನ್ನು ನಾದಿನಿಯ ಮಡಿಲಿಗೆ ಹಾಕಿದಳು. ಲಾಡಿ ಕಟ್ಟಿರಲಿಲ್ಲ.

"ನೋಡು. ಎಲ್ಲೆಲ್ಲಿ ಸೊಟ್ಟಗಿದೆ ಹೇಳು."

ನಾದಿನಿ ಜೇಬನ್ನು ಹಿಂದೆ ಮುಂದೆ ತಿರುಗಿಸಿದಳು. ಕತ್ತರಿ ಹಾಕಿ ತೆಗೆದಳು. "ಚೆನ್ನಾಗೇ ಇದೆಯಲ್ಲ ಅತ್ತಿಗೆ."

"ಸುಳ್ಳು ಹೇಳ್ಬೇಡ. ನಂಗೆ ಅನುಮಾನ ಬರುತ್ತೆ."

ನಾದಿನಿ ನಕ್ಕಳು, ಮತ್ತೊಮ್ಮೆ ನೋಡಿದಳು. "ಕೆಳಗೆ, ಬಲಗಡೆ. ಎರಡು ಇಂಚು."

ಪತ್ತೇದಾರಿ ಅಕ್ಕ ಚೀಲಕ್ಕೆ ಕೈಹಾಕಿ ಕವಲುಚೂರಿಯನ್ನು ತಡವಿ ತೆಗೆದಳು, ಹಿಡಿಯನ್ನು ನಾದಿನಿಯ ಎಡಗೈಯ ಕಡೆಗೆ ತಿರುಗಿಸಿ ಕೊಟ್ಟಳು. ಆಮೇಲೆ ಸ್ಟೂಲು ಎಳೆದುಕೊಂಡು ಅವಳು ಬಿಚ್ಚುವುದನ್ನು ನೋಡುತ್ತ ಪಕ್ಕದಲ್ಲೇ ಕೂತಳು.